ಆಟಿಯ ಗಂಜಿ ಮತ್ತು ಅಮ್ಮನ ಕಿಡ್ನಿ

ನನಗೆ ಮೂವತ್ತು ದಾಟುವವರೆಗೆ ಹೆದರಿಕೆ ಎಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಿಟ್ಟು ಮಾತ್ರ. ಕಾಪುವಿನ ಪೇಟೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೆ. ಮದುವೆಯ ಹಿಂದಿನ ಸಂಜೆ ಬಟ್ಟೆ ಹಿಡಿದುಕೊಂಡು ಬಂದು "ನಾಳೆ ಬೆಳಿಗ್ಗೆಗೆ ಬೇಕಿತ್ತು" ಎನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದೆ; ಬೈಸಿಕೊಂಡವರು ಮುಂದಿನ ಮದುವೆಗೂ ನನ್ನಲ್ಲಿಗೇ ಬರುತ್ತಿದ್ದರು. ಗಂಡ ಗಲ್ಫಿನಲ್ಲಿ, ಶುಕ್ರವಾರ ಅವರ ಫೋನು. ಮಕ್ಕಳಿರಲಿಲ್ಲ. ಕಾಲು ಊದಿಕೊಂಡಾಗ ಮೆಷಿನ್ ತುಳಿದು ತುಳಿದು ಹಾಗಾಯಿತು ಎಂದುಕೊಂಡೆ. ಎರಡೂ ಕಿಡ್ನಿ ಒಣಗಿದ ಗೇರುಹಣ್ಣಿನ ಹಾಗೆ ಕುಗ್ಗಿಹೋಗಿವೆ ಎಂದು ಮಣಿಪಾಲದಲ್ಲಿ ಡಾಕ್ಟರು ಹೇಳಿದಾಗ ಅವರ ಮೇಲೂ ನನಗೆ ಸಿಟ್ಟೇ ಬಂತು.

ಕಿಡ್ನಿ ಕೊಟ್ಟದ್ದು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅವಳು ಕಾರ್ಕಳದ ಆಚೆಯ ತನ್ನ ತವರಿನಲ್ಲಿ, ನನ್ನ ಸೋದರಮಾವನ ಜೊತೆ ಗದ್ದೆ ನೋಡಿಕೊಂಡಿದ್ದಳು. ಕೊಡುತ್ತೇನೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಡಾಕ್ಟರು ಎಲ್ಲ ವಿವರಿಸಿ ಮುಗಿಸಿದಾಗ ಸೆರಗು ಸರಿಮಾಡಿಕೊಂಡು "ಯಾವಾಗ ಬರಬೇಕು?" ಎಂದು ಕೇಳಿದಳು, ಅಷ್ಟೆ. ನಮ್ಮ ಮನೆಯ ಮಾತು ತುಳು. ಡಾಕ್ಟರ ಎದುರು ಮಾತ್ರ ಅಮ್ಮ ಶಾಲೆಯ ಪುಸ್ತಕ ಓದಿದ ಹಾಗೆ ಕನ್ನಡ ಆಡುತ್ತಿದ್ದಳು. ಇಲ್ಲಿ ಎಲ್ಲರ ಮಾತನ್ನೂ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ಆಪರೇಷನ್‌ಗೆ ಮುಂಚೆ ಅಮ್ಮನ ರಕ್ತದ ಕಣಗಳನ್ನೂ ನನ್ನ ರಕ್ತದ ನೀರನ್ನೂ ಬೆರೆಸಿ, ಜಗಳ ಆಗುತ್ತದೋ ಎಂದು ನೋಡಿದರು. ಆಗಲಿಲ್ಲ. ಆದರೆ ಅಷ್ಟರಿಂದ ನಿಶ್ಚಿಂತೆ ಇಲ್ಲ, ಕಿಡ್ನಿ ಒಳಗೆ ಬಂದ ಮೇಲೆ ಯಾವ ದಿನ ಬೇಕಾದರೂ ಆಗಬಹುದು, ಅದಕ್ಕೆ ಬದುಕಿರುವಷ್ಟು ಕಾಲ ಮಾತ್ರೆ ಬೇಕು ಎಂದರು. ಆ ಮಾತು ಕೇಳಿ ನನಗೆ ತಡೆಯಲಿಲ್ಲ.

"ಒಂಬತ್ತು ತಿಂಗಳು ಅವಳ ಹೊಟ್ಟೆಯಲ್ಲೇ ಇದ್ದವಳು ನಾನು. ಆಗ ಆಗದ ಜಗಳ ಈಗ ಎಂತಕ್ಕೆ ಆಗುತ್ತದೆ ಡಾಕ್ಟ್ರೇ?"

ಡಾಕ್ಟರು ಹೆಂಗಸು, ಉಡುಪಿಯವರೇ, ಹೆಚ್ಚುಕಡಿಮೆ ನನ್ನ ವಯಸ್ಸು. ವಿದ್ಯಾರ್ಥಿಗಳಿಗೆ ಕಲಿಸಿ ಕಲಿಸಿ ಅವರಿಗೆ ಪಾಠ ಮಾಡುವ ಚಟ ಹಿಡಿದಿತ್ತು. ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಒಳ್ಳೆ ಪ್ರಶ್ನೆ ಮಾರಾಯ್ರೆ. ಆಗ ಸುಮ್ಮನಿದ್ದದ್ದು ನಿಮ್ಮ ಅಮ್ಮನ ರಕ್ತ. ಈಗ ಸುಮ್ಮನಿರಬೇಕಾದದ್ದು ನಿಮ್ಮದು."

ಬಿಳಿ ರಕ್ತಕಣಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ ಎಂದು ಅವರು ವಿವರಿಸಿದರು. ಕೆಲವು ಕಣಗಳು ಹೊರಗಿನಿಂದ ಬಂದ ವಸ್ತುವಿನ ಒಂದು ಚೂರನ್ನು ಕಚ್ಚಿ ತಂದು ಇನ್ನೊಂದು ಕಣಕ್ಕೆ ತೋರಿಸುತ್ತವೆ. ಆ ಚೂರಿಗೆ ಆಂಟಿಜೆನ್ ಎಂದು ಹೆಸರು. ನೋಡಿದ ಕಣ ನೋಡಿದ ಕೂಡಲೇ ಹೊಡೆಯಲು ಹೊರಡುವುದಿಲ್ಲ. "ನಮ್ಮ ಸರ್ವಿಸ್ ಬಸ್ಸಿನ ಹಾಗೆ. ಡ್ರೈವರನಿಗೆ ರಸ್ತೆ ಕಂಡರೆ ಸಾಕಾಗುವುದಿಲ್ಲ, ಹಿಂದಿನಿಂದ ಕಂಡಕ್ಟರ್ ರೈಟ್ ಪೋಯಿ ಅನ್ನಬೇಕು ಅಲ್ವಾ? ಇಲ್ಲಿಯೂ ಹಾಗೆ, ಎರಡನೆಯ ಒಂದು ಸೂಚನೆ ಬೇಕು. ಅದು ಬಂದರೆ ಆ ಕಣ ಒಂದಿದ್ದದ್ದು ಸಾವಿರ ಆಗುತ್ತದೆ, ಉಳಿದವರನ್ನೂ ಕೂಗಿ ಕರೆಯುತ್ತದೆ. ಹೊರಟ ಮೇಲೆ ಹೋಲ್ಡಾನ್ ಅಂದು ನಿಲ್ಲಿಸುವುದಕ್ಕೂ ಜನ ಬೇಕು. ಅಂಥ ಕಣಗಳೂ ಉಂಟು. ನೀವು ಹೊಟ್ಟೆಯಲ್ಲಿದ್ದಾಗ ನಿಮ್ಮ ಅಮ್ಮನ ರಕ್ತದಲ್ಲಿ ಅವು ಕೆಲಸ ಮಾಡಿವೆ. ಇಲ್ಲದಿದ್ದರೆ ನಿಮ್ಮಲ್ಲಿರುವ ಅಪ್ಪನ ಅಂಶವನ್ನು ಆ ರಕ್ತ ಬಿಡುತ್ತಿರಲಿಲ್ಲ."

"ನನ್ನ ರಕ್ತದಲ್ಲಿ ಅಂಥವು ಇಲ್ವಾ?"

"ಉಂಟು. ಆದರೆ ಇಷ್ಟು ದೊಡ್ಡ ವಸ್ತು ಬಂದು ಕೂತರೆ ಅವುಗಳ ಮಾತು ಯಾರು ಕೇಳುತ್ತಾರೆ? ಹೊಡೆಯುವವರನ್ನು ಮಾತ್ರೆ ಕೊಟ್ಟು ಮಲಗಿಸುವುದೊಂದೇ ಸದ್ಯಕ್ಕೆ ದಾರಿ. ಅದರಲ್ಲಿ ತಡೆಯುವವರೂ ಸ್ವಲ್ಪ ಮಲಗಿಬಿಡುತ್ತಾರೆ, ಎಂತ ಮಾಡುವುದು? ತಡೆಯುವವರನ್ನು ಮಾತ್ರ ಬೆಳೆಸುವ ಮದ್ದು ಇನ್ನೂ ಬರಲಿಲ್ಲ." ಆಮೇಲೆ ಅವರು ನಕ್ಕು ಇನ್ನೂ ಒಂದು ಮಾತು ಹೇಳಿದರು. "ತಮಾಷೆ ಗೊತ್ತುಂಟಾ? ನಾನು ಓದುವಾಗ ಪುಸ್ತಕದಲ್ಲಿ ಈ ತಡೆಯುವ ಕಣಗಳ ಬಗ್ಗೆ ಒಂದು ಅಧ್ಯಾಯವೇ ಇತ್ತು. ಮತ್ತೆ ಅಂಥದ್ದು ಇಲ್ಲವೇ ಇಲ್ಲ ಅಂತ ತೆಗೆದರು. ಈಗ ಬೇರೆ ಹೆಸರಿನಲ್ಲಿ ವಾಪಸ್ ಬಂದಿವೆ."

ಅವರಿಗೆ ಅದು ತಮಾಷೆ. ನನಗೆ ಮೊತ್ತಮೊದಲ ಬಾರಿಗೆ ಹೆದರಿಕೆಯಾದದ್ದು ಆ ಮಾತಿಗೆ. ನನ್ನನ್ನು ಕಾಯಬೇಕಾದವರು ಇದ್ದಾರೋ ಇಲ್ಲವೋ ಎಂದು ಪುಸ್ತಕ ಬರೆಯುವವರಿಗೇ ಇಷ್ಟು ವರ್ಷ ಗೊತ್ತಿರಲಿಲ್ಲ ಎಂದರೆ ನಾನು ಯಾರನ್ನು ನಂಬಿ ಮಲಗುವುದು? ಸಿಟ್ಟು ಮಾಡೋಣವೆಂದರೆ ತಪ್ಪು ಯಾರದೂ ಇರಲಿಲ್ಲ.

ಕಿಡ್ನಿಯನ್ನು ಬೆನ್ನಿನ ಕಡೆ ಇಡುವುದಿಲ್ಲ. ಮುಂದೆ, ಹೊಟ್ಟೆಯ ಕೆಳಗೆ ಬಲಬದಿಯಲ್ಲಿ ಇಡುತ್ತಾರೆ. ಕೈಯಿಟ್ಟರೆ ಸಿಗುತ್ತದೆ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನನ್ನ ಬಲಗೈ ಯಾವಾಗಲೂ ಅಲ್ಲೇ ಇರುತ್ತಿತ್ತು. ಬಸ್ಸಿನಲ್ಲಿ ಯಾರ ಮೊಣಕೈ ತಾಗುತ್ತದೋ ಎಂದು ಕಿಟಕಿಯ ಬದಿಗೇ ಕೂರುತ್ತಿದ್ದೆ, ಬಲಮಗ್ಗುಲಿಗೆ ಮಲಗುತ್ತಿರಲಿಲ್ಲ. ಪಕ್ಕದ ಮನೆಯವರು ಕೆಮ್ಮಿದರೆ ಕಿಟಕಿ ಮುಚ್ಚುತ್ತಿದ್ದೆ. ಮೂತ್ರ ಸ್ವಲ್ಪ ಕಡಿಮೆ ಬಂದಂತೆ ಕಂಡರೆ ಆ ದಿನವೆಲ್ಲ ಅಳೆದು ಬರೆದಿಡುತ್ತಿದ್ದೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ ಎನ್ನುತ್ತಾರೆ. ನನಗೆ ಮೈಯೊಳಗೇ ಹಾವೋ ಹಗ್ಗವೋ ತಿಳಿಯದ ಒಂದು ವಸ್ತು ಇತ್ತು. ಮಾತ್ರೆಯೋ, ಪೊಟ್ಟಣ ಬಿಚ್ಚಿದರೆ ತಗಣೆ ಹೊಸಕಿದ ವಾಸನೆ. ಅದನ್ನು ನುಂಗಿ ನುಂಗಿ ಗಲ್ಲದ ಮೇಲೆ ರೋಮ ಬಂತು, ಒಸಡು ದಪ್ಪವಾಯಿತು, ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲು ಆಗದ ದರ್ಜಿ ಎಂದರೆ ಹೇಗಿರುತ್ತದೆ ನೀವೇ ಯೋಚಿಸಿ. ಅಂಗಡಿಯ ಬಾಗಿಲು ಹಾಕಿದೆ.

ಅಮ್ಮ ನನ್ನ ಜೊತೆಯಲ್ಲೇ ಕಾಪುವಿನಲ್ಲಿ ಉಳಿದಳು. ಕಿಡ್ನಿಯನ್ನು ಅವಳು ಹೆಸರು ಹಿಡಿದು ಹೇಳುತ್ತಿರಲಿಲ್ಲ, "ಅದು" ಎನ್ನುತ್ತಿದ್ದಳು. ಮದುವೆ ಮಾಡಿ ಬೇರೆ ಮನೆಗೆ ಕಳಿಸಿದ ಮಗಳನ್ನು ವಿಚಾರಿಸುವಂತೆ ದಿನಾ ವಿಚಾರಿಸುತ್ತಿದ್ದಳು.

"ಅದಕ್ಕೆ ಇವತ್ತು ನೀರು ಸಾಕಾಯಿತಾ?"

"ಅದಕ್ಕೆ ಮಾತ್ರ ನೀರು ಬೇಕಾ? ನನಗೆ ಬೇಡವಾ?" ಎಂದು ನಾನು ರೇಗುತ್ತಿದ್ದೆ.

"ನಿನಗೆ ಬಾಯಿ ಉಂಟು, ಕೇಳುತ್ತಿ. ಅದು ಪಾಪ, ಕೇಳುತ್ತದಾ?"

ನೋಡಲು ಬರುವ ನೆಂಟರ ಬಾಯಿಗೆ ಮಾತ್ರ ಬೀಗ ಇರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು, "ಇವರಿಗೆ ರೋಗ ನಿರೋಧಕ ಶಕ್ತಿ ಕಡಿಮೆ ಇರುತ್ತದೆ, ಜನರ ಗುಂಪಿಗೆ ಹೋಗಬಾರದು, ಕುದಿಸಿದ ನೀರೇ ಕುಡಿಯಬೇಕು, ನಾಟಿ ಮದ್ದು ಯಾವುದೂ ಬೇಡ" ಎಂದು ಅಮ್ಮನಿಗೆ ಹೇಳಿದ್ದರು. ಅಮ್ಮ ಅದನ್ನು ಬಂದವರಿಗೆಲ್ಲ ಒಪ್ಪಿಸುತ್ತಿದ್ದಳು. ಕೇಳಿದವರು "ಅಯ್ಯೋ, ಶಕ್ತಿ ಕಡಿಮೆಯಾ?" ಎಂದು ಮರುಗಿ, ಮರುದಿನ ಅಮೃತಬಳ್ಳಿ, ನೆಲನೆಲ್ಲಿ, ಊರ ಕೋಳಿಯ ಮೊಟ್ಟೆ ತಂದುಕೊಡುತ್ತಿದ್ದರು. ಶಕ್ತಿ ಕಡಿಮೆ ಇರುವುದರಿಂದಲೇ ನಾನು ಬದುಕಿದ್ದೇನೆ, ಅದು ಏರಿದರೆ ಸತ್ತೆ ಎಂದು ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನಂಬುವ ಮಾತೂ ಅದಲ್ಲವಲ್ಲ. ಹುಟ್ಟಿದಂದಿನಿಂದ ಶಕ್ತಿ ಬರಲಿ ಎಂದು ಹರಸಿಕೊಂಡು ಬಂದ ಊರು ನಮ್ಮದು.

ಆಟಿ ತಿಂಗಳು ಬಂತು. ಸಮುದ್ರಕ್ಕೆ ದೋಣಿ ಇಳಿಯದ, ಮನೆಮನೆಯಲ್ಲಿ ಜ್ವರ ನೆಗಡಿ ಇರುವ ಮಳೆಗಾಲದ ನಡು. ಆ ತಿಂಗಳ ಅಮಾವಾಸ್ಯೆಯಂದು ನಮ್ಮ ಕಡೆ ಎಲ್ಲರೂ ಖಾಲಿ ಹೊಟ್ಟೆಗೆ ಪಾಲೆಯ ಕಷಾಯ ಕುಡಿಯುತ್ತಾರೆ. ಕನ್ನಡದಲ್ಲಿ ಹಾಲೆ ಮರ ಎನ್ನುವ ಅದರ ತೊಗಟೆಯನ್ನು ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತರಬೇಕು, ಕಬ್ಬಿಣ ತಾಗಿಸಬಾರದು. ಅರೆದು, ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ ಒಗ್ಗರಣೆಗೆ ಬಿಸಿ ಬೆಣಚುಕಲ್ಲು ಹಾಕುತ್ತಾರೆ. ಬಾಯಿಗಿಟ್ಟರೆ ಕಿವಿಯವರೆಗೆ ಕಹಿ. ಅದರ ಉಷ್ಣ ತಣಿಯಲು ಹಿಂದಿನಿಂದ ಮೆಂತೆ ಗಂಜಿ. ಆ ಒಂದು ಲೋಟ ಕುಡಿದರೆ ವರ್ಷವಿಡೀ ರೋಗ ಹತ್ತಿರ ಬರುವುದಿಲ್ಲ ಎಂದು ನಂಬಿಕೆ.

ಅಮಾವಾಸ್ಯೆಯ ಹಿಂದಿನ ದಿನ ಅಮ್ಮ ತವರಿಗೆ ಹೋದಳು. ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿನಲ್ಲಿ ವಾಪಸ್ ಬಂದಾಗ ಕೈಯಲ್ಲಿ ಬಾಳೆ ಎಲೆಯ ಕಟ್ಟು ಇತ್ತು, ಒಳಗೆ ಮಾವ ತಂದುಕೊಟ್ಟ ತೊಗಟೆ. ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ.

"ನನಗೆ ಬೇಡ. ಡಾಕ್ಟ್ರು ಹೇಳಿದ್ದು ನೆನಪುಂಟಲ್ಲ?"

"ಬೇಡದಿದ್ದರೆ ಬೇಡ. ನಾನು ಕುಡಿಯುತ್ತೇನೆ," ಎಂದಳು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು. ಅವಳು ಕಣ್ಣು ಮುಚ್ಚಿ ಗಟಗಟನೆ ಕುಡಿದಳು. ನನಗೆ ಮೆಂತೆ ಗಂಜಿ ಮಾತ್ರ ಬಡಿಸಿದಳು. ಕಾಯಿಹಾಲು, ಬೆಲ್ಲ ಧಾರಾಳ. ತಿಂಗಳು ಮುಗಿಯುವವರೆಗೂ ದಿನಾ ಬೆಳಿಗ್ಗೆ ಅದೇ ಗಂಜಿ ಮಾಡಿಕೊಟ್ಟಳು. ಮೆಂತೆ ಎಂದ ಮೇಲೆ ಕಹಿ ಇದ್ದೇ ಇರುತ್ತದೆ. ನಾನು ಬಟ್ಟಲು ಬಳಿದು ತಿನ್ನುತ್ತಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ, ಕಿತ್ತುಹೋಗಿದ್ದ ಗುಂಡಿ ಹಾಕಲು ಸೂಜಿ ತೆಗೆದವಳಿಗೆ ದಾರ ಒಂದೇ ಸಲಕ್ಕೆ ಹೋಯಿತು. ನಂಬಿಕೆ ಬರದೆ ಎಳೆದು ತೆಗೆದು ಮತ್ತೆ ಪೋಣಿಸಿದೆ. ಮತ್ತೂ ಹೋಯಿತು. ಕೈ ಚಾಚಿ ನೋಡಿದೆ, ನಡುಕ ಇಲ್ಲ. ಅಂಗಡಿಯ ಬೀಗ ತೆಗೆದು ಧೂಳು ಒರೆಸಿ ಮೆಷಿನ್‌ಗೆ ಎಣ್ಣೆ ಬಿಟ್ಟೆ. ಶುಕ್ರವಾರ ಗಂಡನಿಗೆ ಅದೊಂದೇ ಸುದ್ದಿ. ಅವರು ಅಲ್ಲಿಂದ, "ಇನ್ನು ಜನಕ್ಕೆ ಬೈಯಬಹುದಲ್ಲ ನೀನು," ಎಂದು ನಕ್ಕರು. ಆಪರೇಷನ್ ಆದ ಮೇಲೆ ಮೊದಲ ಬಾರಿ ನಾನೂ ಹೆದರದೆ ನಕ್ಕೆ.

ತಪಾಸಣೆಗೆ ಮಣಿಪಾಲಕ್ಕೆ ಹೋದ ದಿನ ಕೂರುವುದಕ್ಕೂ ಮೊದಲು ಎರಡೂ ಕೈ ಚಾಚಿ ತೋರಿಸಿದೆ. "ನೋಡಿ ಡಾಕ್ಟ್ರೇ, ನಡುಕವೇ ಇಲ್ಲ." ಬರೆಯುತ್ತಿದ್ದ ಅವರ ಪೆನ್ನು ನಿಂತಿತು.

"ಯಾವಾಗಿನಿಂದ?"

"ಈಗ ಸ್ವಲ್ಪ ದಿನ ಆಯಿತು."

ಅವರು ನಗಲಿಲ್ಲ. ನನ್ನ ಹೊಟ್ಟೆಯ ಬಲಬದಿಯನ್ನು ಮುಟ್ಟಿ, ಒತ್ತಿ, ನೋವುಂಟಾ ಎಂದು ಕೇಳಿದರು. ರಕ್ತ ತೆಗೆಸಿದರು. ಮರುದಿನ ಫೋನು ಬಂತು. ಬಟ್ಟೆ ತೆಗೆದುಕೊಂಡು ಬನ್ನಿ, ಅಡ್ಮಿಟ್ ಆಗಬೇಕು. ಅಮ್ಮ ಚೀಲಕ್ಕೆ ಬಟ್ಟೆ ತುಂಬಿದಳು.

ನಡುಕ ಮಾತ್ರೆಯದಾಗಿತ್ತಂತೆ. ನಡುಕ ನಿಂತಿತು ಎಂದರೆ ಮಾತ್ರೆ ರಕ್ತದಲ್ಲಿ ಇರಬೇಕಾದಷ್ಟು ಇಲ್ಲ ಎಂದರ್ಥ. ಕಿಡ್ನಿಯ ಕೆಲಸ ಕುಂದಿದರೆ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ ಏರಿತ್ತು. ನಾನು ಕುಣಿದಾಡಿದ ಆ ದಿನಗಳಲ್ಲಿ ಒಳಗೆ ಮಲಗಿದ್ದವರು ಒಬ್ಬೊಬ್ಬರೇ ಏಳುತ್ತಿದ್ದರು. ಅದು ತಿಳಿದಾಗ ನನ್ನ ಕೈ ಮತ್ತೆ ನಡುಗಿತು, ಈ ಸಲ ಬರೀ ಹೆದರಿಕೆಗೆ.

"ಮಾತ್ರೆ ಎಷ್ಟು ಸಲ ತಪ್ಪಿಸಿದ್ದೀರಿ?" ಎಂದು ಡಾಕ್ಟರು ಕೇಳಿದರು.

"ಒಂದು ಸಲವೂ ಇಲ್ಲ."

"ನೋಡಿ, ಬೈಯುವುದಕ್ಕೆ ಕೇಳುವುದಲ್ಲ ನಾನು. ರೋಮ ಬರುತ್ತದೆ ಅಂತ ಬಿಡುವವರು ಉಂಟು, ವಾಸನೆ ಅಂತ ಬಿಡುವವರು ಉಂಟು. ಸತ್ಯ ಹೇಳಿ."

"ನನ್ನ ಅಮ್ಮನ ಕಿಡ್ನಿ ಡಾಕ್ಟ್ರೇ ಅದು! ನಾನು ತಪ್ಪಿಸುತ್ತೇನಾ?" ಕೂಗಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಕೂಗಿ ಮುಗಿದ ಮೇಲೆ ಅಳು ಬಂತು. ಹಾಸಿಗೆಯ ಕಾಲಿನ ಕಡೆ ನಿಂತಿದ್ದ ಅಮ್ಮ ನನ್ನನ್ನು ಸಮಾಧಾನ ಮಾಡಲು ಹತ್ತಿರ ಬರಲಿಲ್ಲ. ಅವಳಿಗೂ ನನ್ನ ಮೇಲೆ ಸಂಶಯ ಬಂತೋ ಎಂದು ನನಗೆ ಇನ್ನಷ್ಟು ಭಯವಾಯಿತು.

ಕಿಡ್ನಿಗೆ ಸೂಜಿ ಚುಚ್ಚಿ ಚೂರು ತೆಗೆದರು. ಜಾಗ ಮರಗಟ್ಟಿಸಿದ್ದರು, ನೋವಾಗಲಿಲ್ಲ. ಸೂಜಿಯ ಒಳಗಿನ ಸ್ಪ್ರಿಂಗ್ ಟಕ್ ಎಂದ ಸದ್ದಿಗೆ ಮಾತ್ರ ಜೀವ ಬಾಯಿಗೆ ಬಂತು. ಅಮ್ಮನನ್ನು ಚುಚ್ಚುತ್ತಿದ್ದಾರೆ ಎಂದೇ ಅನಿಸಿತು ನನಗೆ. ಸಂಜೆ ಡಾಕ್ಟರು ಬಂದು, ನನ್ನ ಬಿಳಿ ಕಣಗಳು ಕಿಡ್ನಿಯ ಒಳಗೆ ನುಗ್ಗಿವೆ, ಮೈ ಅದನ್ನು ತಿರಸ್ಕರಿಸತೊಡಗಿದೆ ಎಂದರು. ಈ ಸಲ ಬಸ್ಸಿನ ಕತೆ ಹೇಳಲಿಲ್ಲ. ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಡುತ್ತೇವೆ, ಅದಕ್ಕೆ ಬಗ್ಗದಿದ್ದರೆ ಇನ್ನೂ ಜೋರಿನದ್ದು ಕೊಡಬೇಕು, ಅದನ್ನು ಕೊಟ್ಟರೆ ಸಣ್ಣ ನೆಗಡಿಯೂ ದೊಡ್ಡದಾಗಬಹುದು ಎಂದರು. ಅದಕ್ಕೂ ಬಗ್ಗದಿದ್ದರೆ ಎಂದು ನಾನು ಕೇಳಲಿಲ್ಲ. ಅಮ್ಮನಲ್ಲಿ ಕೊಡುವುದಕ್ಕೆ ಇನ್ನೊಂದು ಇರಲಿಲ್ಲ.

ಸೂಜಿಮದ್ದು ಶುರುವಾದ ಮೇಲೆ ಮೈಯೆಲ್ಲ ಕಾದು ನಿದ್ದೆ ಹಾರಿಹೋಯಿತು. ಕೈ ಬಲಬದಿಗೆ ಇಟ್ಟುಕೊಂಡು ಅಲುಗಾಡದೆ ಮಲಗುತ್ತಿದ್ದೆ. ನಾನು ಅಲುಗಾಡಿದರೆ ಅವು ಇನ್ನೂ ನುಗ್ಗುತ್ತವೆ ಎಂಬ ಹಾಗೆ. ನನ್ನದೇ ರಕ್ತಕ್ಕೆ ಒಳಗೊಳಗೇ ಕೈಮುಗಿದೆ, ಬೈದೂ ನೋಡಿದೆ. ಜೀವಮಾನವಿಡೀ ಯಾರಿಗೆಲ್ಲ ಬೈದು ಸರಿಮಾಡಿದ್ದೆನೋ, ನನ್ನ ಮೈಗೆ ಮಾತ್ರ ನನ್ನ ಮಾತು ತಾಗಲಿಲ್ಲ. ಅಮ್ಮ ಹಗಲು ಹೊತ್ತು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ಒಳಗೆ ಬಂದರೂ ನನ್ನ ಮುಖ ನೋಡುತ್ತಿರಲಿಲ್ಲ. ಊಟಕ್ಕೆ ಎಂದು ಕಾಪುವಿಗೆ ಹೋಗಿ ಬರುತ್ತಿದ್ದಳು.

ಹಾಗೆ ಹೋದವಳು ಒಂದು ಮಧ್ಯಾಹ್ನ ಸ್ಟೀಲಿನ ಡಬ್ಬಿಯಲ್ಲಿ ಮೆಂತೆ ಗಂಜಿ ತಂದಳು. ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದದ್ದು, ಇನ್ನೂ ಬೆಚ್ಚಗಿತ್ತು. ಆಸ್ಪತ್ರೆಯ ಅನ್ನ ತಿಂದು ಬಾಯಿ ಸಪ್ಪೆಯಾಗಿದ್ದ ನನಗೆ ಅದನ್ನು ನೋಡಿ ಆಸೆಯಾಯಿತು. ಚಮಚ ಹಾಕಿ ಕಲಸುತ್ತಿದ್ದಾಗ ಡಾಕ್ಟರು ಬಂದರು. ನಿಂತುಕೊಂಡೇ ಮಾತಾಡಿದರು.

"ನಾಳೆಯಿಂದ ಮಾತ್ರೆಯ ಪ್ರಮಾಣ ಏರಿಸುತ್ತೇನೆ. ಆದರೆ ನನಗೆ ಒಂದು ಅರ್ಥವಾಗುವುದಿಲ್ಲ. ನೀವು ಮಾತ್ರೆ ತಪ್ಪಿಸಲಿಲ್ಲ ಅಂತೀರಿ. ನಂಬುತ್ತೇನೆ. ಹಾಗಾದರೆ ಬೇರೆ ಎಂತದೋ ಒಂದು ಅದನ್ನು ತಿಂದುಹಾಕುತ್ತಾ ಉಂಟು. ಕೆಲವು ಸೊಪ್ಪು, ಬೇರು, ತೊಗಟೆ ಇರುತ್ತವೆ, ಮಾತ್ರೆಯನ್ನು ಬೇಗ ಮೈಯಿಂದ ಹೊರಹಾಕಿಸುತ್ತವೆ. ಅಂಥದ್ದು ಇದ್ದು, ನಾನು ಗೊತ್ತಿಲ್ಲದೆ ಮಾತ್ರೆ ಏರಿಸಿ, ಆಮೇಲೆ ನೀವು ಅದನ್ನು ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಆಗ ಮಾತ್ರೆಯೇ ಕಿಡ್ನಿಯನ್ನು ಸುಡುತ್ತದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಅದಕ್ಕೆ ಮತ್ತೆ ಮತ್ತೆ ಕೇಳುವುದು."

"ಏನೂ ಇಲ್ಲ ಡಾಕ್ಟ್ರೇ," ಎಂದು ನಾನು ಚಮಚ ಎತ್ತಿದೆ.

ಅಮ್ಮ ನನ್ನ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡಳು. ಗಂಜಿ ಹೊದಿಕೆಯ ಮೇಲೆ ಚೆಲ್ಲಿತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದು ನಿಂತಳು.

"ತಿನ್ನಬೇಡ. ಇದರಲ್ಲಿ ಪಾಲೆ ಉಂಟು."

ವಾರ್ಡಿನಲ್ಲಿ ಆಚೀಚೆ ಜನ ಮಾತಾಡುತ್ತಿದ್ದರು, ಯಾವುದೂ ನನಗೆ ಕೇಳಲಿಲ್ಲ. ಮೊದಲು ಅರ್ಥವಾಗಲಿಲ್ಲ. ಅಮ್ಮ ಬಿಡಿಸಿ ಹೇಳಿದಳು. ಅಮಾವಾಸ್ಯೆಯ ಮರುದಿನದಿಂದ, ಒಣಗಿಸಿ ಪುಡಿ ಮಾಡಿದ ತೊಗಟೆಯನ್ನು ಚಿಟಿಕೆ ಚಿಟಿಕೆಯಾಗಿ ಮೆಂತೆಯ ಕಹಿಯೊಳಗೆ ಸೇರಿಸಿ ದಿನಾ ಕೊಡುತ್ತಿದ್ದಳಂತೆ. ಆಸ್ಪತ್ರೆಗೆ ಬಂದ ಮೇಲೆ ನಿಲ್ಲಿಸಿದ್ದಳು. ಸೂಜಿಮದ್ದಿಗೂ ನನ್ನ ಮುಖ ಗೆಲುವಾಗದ್ದು ನೋಡಿ ಆ ದಿನ ಮತ್ತೆ ಹಾಕಿ ತಂದಿದ್ದಳು.

ಕೂಡಲೇ ನನಗೆ ಇನ್ನೊಂದು ಭಯ ಹುಟ್ಟಿತು. ಕತ್ತಲೆಯಲ್ಲಿ ಪಾಲೆಯೆಂದು ಕಾಸರಕನ ತೊಗಟೆ ತಂದು, ವಿಷ ಏರಿ ಸತ್ತವರ ಸುದ್ದಿ ನಮ್ಮ ಕಡೆ ಕೇಳದವರಿಲ್ಲ. "ಯಾವ ಮರ ಅಮ್ಮ? ಮಾವ ನೋಡಿ ತಂದದ್ದಾ?" ಎಂದು ಕಿರುಚಿದೆ. ಹಿಂದಿನ ದಿನ ಹಗಲು ಹೊತ್ತಿನಲ್ಲೇ ಮರಕ್ಕೆ ಹಗ್ಗ ಕಟ್ಟಿ ಗುರುತು ಮಾಡಿದ್ದಾನೆ, ಅದು ಪಾಲೆಯೇ, ನಾನೂ ಕುಡಿದಿದ್ದೇನಲ್ಲ ಎಂದಳು ಅಮ್ಮ.

ಡಾಕ್ಟರು ಬೈಯಲಿಲ್ಲ. ಸ್ಟೂಲು ಎಳೆದು ಅಮ್ಮನನ್ನು ಕೂರಿಸಿದರು. ಡಬ್ಬಿಯನ್ನು ಮೆಲ್ಲನೆ ಕೈಯಿಂದ ತೆಗೆದುಕೊಂಡರು.

"ಬೇಡ ಅಂತ ಹೇಳಿದ್ದೆನಲ್ಲ ಅಮ್ಮ?"

ಅಮ್ಮ ಅಷ್ಟು ಹೊತ್ತಿಗೆ ತನ್ನ ಪುಸ್ತಕದ ಕನ್ನಡವನ್ನು ಒಟ್ಟು ಮಾಡಿಕೊಂಡಿದ್ದಳು. "ಇವಳಿಗೆ ಶಕ್ತಿ ಕಡಿಮೆ ಉಂಟು ಎಂದು ನೀವೇ ಹೇಳಿದ್ದು. ಕಡಿಮೆ ಆದದ್ದನ್ನು ತುಂಬಿಸಬೇಡವಾ?" ಸ್ವಲ್ಪ ತಡೆದು, ನನ್ನ ಹೊಟ್ಟೆಯ ಕಡೆ ಕೈ ತೋರಿಸಿದಳು. "ಮತ್ತೆ ಅದು ನನ್ನದಲ್ವಾ ಡಾಕ್ಟ್ರೇ? ಎರಡೂ ಒಟ್ಟಿಗೆ ಹುಟ್ಟಿದ್ದು. ನಾನು ಸಣ್ಣವಳಿರುವಾಗಿನಿಂದ ಪ್ರತಿ ಆಟಿಗೂ ಎರಡೂ ಪಾಲೆ ಕುಡಿದಿವೆ, ಒಂದು ವರ್ಷವೂ ತಪ್ಪಲಿಲ್ಲ. ಈ ವರ್ಷ ನನ್ನ ಹತ್ತಿರ ಇದ್ದದ್ದಕ್ಕೆ ಕೊಟ್ಟೆ. ಅದು ಅಲ್ಲಿ ನೋಡಿಕೊಂಡು ಕೂತಿತು. ಒಂದಕ್ಕೆ ಬಡಿಸಿ ಇನ್ನೊಂದಕ್ಕೆ ಬಡಿಸದಿದ್ದರೆ ಆಗುತ್ತದಾ?"

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆದರಿಕೆಯೇ. ಯಾರನ್ನು ನೋಡಿದರೆ ಹೆದರಿಕೆ ಹೋಗುತ್ತಿತ್ತೋ ಅವಳನ್ನೇ ನೋಡಿ ಬಂದ ಹೆದರಿಕೆ.

"ಅದು ನಿಮ್ಮದು, ಸರಿ," ಎಂದರು ಡಾಕ್ಟರು. "ಆದರೆ ಅದರ ಸುತ್ತ ಹರಿಯುವುದು ಇವರ ರಕ್ತ. ನೀವು ಬಡಿಸಿದ ಶಕ್ತಿ ಅದಕ್ಕೆ ಹೋಗುವುದಿಲ್ಲ ಅಮ್ಮ, ಅದನ್ನು ಹೊಡೆಯುವವರಿಗೆ ಹೋಗುತ್ತದೆ."

ಅಮ್ಮನಿಗೆ ಆಗ ತಿಳಿಯಿತು. ಅವಳ ಮುಖ ನಾನು ನೋಡುತ್ತಿದ್ದ ಹಾಗೆಯೇ ಬಿಳಿಚಿಕೊಂಡಿತು. ಅವಳು ಅಳಲಿಲ್ಲ. ಹೊದಿಕೆಯ ಮೇಲೆ ಚೆಲ್ಲಿದ್ದ ಗಂಜಿಯನ್ನು ಸೆರಗಿನಿಂದ ಒರೆಸತೊಡಗಿದಳು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಡಾಕ್ಟರು ಮಾತ್ರೆಯ ಪ್ರಮಾಣವನ್ನು ಅಂದುಕೊಂಡಷ್ಟು ಏರಿಸಲಿಲ್ಲ. ದಿನ ಬಿಟ್ಟು ದಿನ ರಕ್ತ ನೋಡಿ ಸ್ವಲ್ಪ ಸ್ವಲ್ಪ ಬದಲಿಸಿದರು. ಅಮ್ಮನ ರಕ್ತವನ್ನೂ ಪರೀಕ್ಷಿಸಿದರು, ಅವಳದು ಸರಿ ಇತ್ತು. ಕ್ರಿಯಾಟಿನಿನ್ ಇಳಿಯಿತು. ಮೊದಲಿದ್ದಲ್ಲಿಗೆ ಮಾತ್ರ ಇಳಿಯಲಿಲ್ಲ, ಇನ್ನು ಇಳಿಯುವುದೂ ಇಲ್ಲ, ಸ್ವಲ್ಪ ಭಾಗ ಕಲೆಗಟ್ಟಿದೆ ಎಂದರು. ಪಾಲೆಯಿಂದಲೇ ಆಯಿತಾ ಎಂದು ಹೊರಡುವ ದಿನ ಕೇಳಿದೆ. "ಹೇಳಲಾರೆ. ಈ ತೊಗಟೆಯನ್ನು ಈ ಮಾತ್ರೆಯ ಜೊತೆ ಯಾರು ಕೊಟ್ಟು ನೋಡಿದ್ದಾರೆ? ಮಾತ್ರೆ ಸರಿಯಾಗಿ ತೆಗೆದುಕೊಂಡೂ ಕೆಲವರಿಗೆ ಹೀಗಾಗುವುದುಂಟು," ಎಂದರು. ನನಗೆ ಖಚಿತವಾದ ಒಂದು ಉತ್ತರ ಬೇಕಿತ್ತು. ಇಂದಿಗೂ ಸಿಕ್ಕಿಲ್ಲ. ಆ ಕಿಡ್ನಿ ಇಂದಿಗೂ ಕೆಲಸ ಮಾಡುತ್ತಿದೆ, ನಾನು ಇಂದಿಗೂ ಬಲಮಗ್ಗುಲಿಗೆ ಮಲಗುವುದಿಲ್ಲ.

ಕಾಪುವಿಗೆ ಬಂದ ಮೊದಲ ಮಧ್ಯಾಹ್ನ ಅಮ್ಮ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಬಡಿಸಿದಳು. ಬಟ್ಟಲಿನ ಮುಂದೆ ಕೂತೆ. ಹಸಿವೆ ಇತ್ತು. ಕೈ ಮಾತ್ರ ಅನ್ನದ ಕಡೆ ಹೋಗಲಿಲ್ಲ. ಸಾರಿನಲ್ಲಿ ತೇಲುತ್ತಿದ್ದ ಕರಿಬೇವಿನ ಎಲೆ, ಬೆಳ್ಳುಳ್ಳಿಯ ಸಿಪ್ಪೆ, ಎಲ್ಲವನ್ನೂ ನೋಡುತ್ತಾ ಕೂತೆ. ಅಮ್ಮ ಇನ್ನು ಹಾಗೆ ಮಾಡುವವಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಭಯವಾಯಿತು. ಅವಳ ಕಿಡ್ನಿಯನ್ನು ಪರರದ್ದು ಎಂದು ನೋಡದ ಹಾಗೆ ನನ್ನ ರಕ್ತಕ್ಕೆ ಮಾತ್ರೆ ಇತ್ತು. ಅವಳು ಬಡಿಸಿದ ಊಟವನ್ನು ಹಾಗೆ ನೋಡದಿರುವುದಕ್ಕೆ ನನಗೆ ಮಾತ್ರೆ ಇರಲಿಲ್ಲ.

ಅಮ್ಮ ಎದುರಿಗೆ ನಿಂತು ನನ್ನ ಕೈಯನ್ನು ನೋಡಿದಳು. ಸೌಟಿನಿಂದ ಸ್ವಲ್ಪ ಸಾರು ತನ್ನ ಅಂಗೈಗೆ ಸುರಿದುಕೊಂಡು ಕುಡಿದಳು. ಅನ್ನದ ಪಾತ್ರೆಯಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿ ಜಗಿದು ನುಂಗಿದಳು. ರಾತ್ರಿಯೂ ಹಾಗೆ ಮಾಡಿದಳು, ಮರುದಿನ ಬೆಳಿಗ್ಗೆ ದೋಸೆಗೂ ಹಾಗೆ ಮಾಡಿದಳು. ತವರಿಗೆ ವಾಪಸ್ ಹೋಗುವವರೆಗೂ ಒಂದು ಹೊತ್ತೂ ಬಿಡಲಿಲ್ಲ. ಹಾಗೆ ಮಾಡೆಂದು ನಾನು ಹೇಳಿರಲಿಲ್ಲ. ಅವಳು ನುಂಗಿ ಮುಗಿಸುವವರೆಗೆ ನಾನು ಕಾಯುತ್ತಿದ್ದೆ. ನುಂಗಿದ ಮೇಲೆ ಬಾಯಿ ಒರೆಸಿಕೊಂಡು ಅವಳು "ಆಯಿತು, ಇನ್ನು ಉಣ್ಣು ಮಗಾ," ಎನ್ನುತ್ತಿದ್ದಳು.